ಎಬಿಎಸ್ ದೀಪ ಹತ್ತಿತು, ತಪ್ಪು ಯಾರದು?

ಡ್ಯಾಶ್‌ಬೋರ್ಡಿನ ದೀಪಗಳಲ್ಲಿ ಎಬಿಎಸ್ ದೀಪದಷ್ಟು ಅಸಡ್ಡೆಗೆ ಗುರಿಯಾದದ್ದು ಇನ್ನೊಂದಿಲ್ಲ. ಆಯಿಲ್ ದೀಪ ಹತ್ತಿದರೆ ಮಾಲೀಕ ಗಾಡಿಯನ್ನು ಅಲ್ಲೇ ಪಕ್ಕಕ್ಕೆ ಹಾಕುತ್ತಾನೆ. ಎಂಜಿನ್ ದೀಪ ಹತ್ತಿದರೆ ಅಂದೇ ಗ್ಯಾರೇಜಿಗೆ ಫೋನ್ ಹೋಗುತ್ತದೆ. ಈ ಹಳದಿ ದೀಪ ಹತ್ತಿದಾಗ ಮಾತ್ರ ಎರಡು ಸಲ ಪೆಡಲ್ ಒತ್ತಿ ನೋಡಿ, ‘ಬ್ರೇಕ್ ಹಿಡೀತಾ ಇದೆಯಲ್ಲ, ಸರ್ವಿಸಿಗೆ ಬಿಟ್ಟಾಗ ನೋಡಿಸಿದರಾಯಿತು’ ಎಂದು ಹೊರಟುಬಿಡುತ್ತಾನೆ.

ಆ ಮಾತು ಅರ್ಧ ನಿಜ. ಎಬಿಎಸ್ ಕೈಕೊಟ್ಟರೂ ಮಾಮೂಲಿ ಬ್ರೇಕು ಕೆಲಸ ಮಾಡುತ್ತದೆ. ವ್ಯವಸ್ಥೆಯನ್ನು ಕಟ್ಟಿದವರೇ ಹಾಗೆ ಕಟ್ಟಿದ್ದಾರೆ. ತನ್ನ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಅನುಮಾನ ಬಂದೊಡನೆ ಅದು ತಾನಾಗಿ ಪಕ್ಕಕ್ಕೆ ಸರಿದು, ಹಳದಿ ದೀಪ ಹಚ್ಚಿ, ಬ್ರೇಕನ್ನು ಪೂರ್ತಿಯಾಗಿ ಚಾಲಕನ ಕಾಲಿಗೆ ಒಪ್ಪಿಸುತ್ತದೆ. ಉಳಿದರ್ಧ ನಿಜ ಗೊತ್ತಾಗುವುದು ಮೊದಲ ಮಳೆಗೆ ನೆನೆದ ಡಾಂಬರಿನ ಮೇಲೆ, ಮುಂದಿನ ಲಾರಿ ತಟ್ಟನೆ ನಿಂತಾಗ. ಆಗ ಚಕ್ರ ಕಚ್ಚಿಕೊಳ್ಳುತ್ತದೆ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಕಾರು ನೆಟ್ಟಗೆ ಜಾರುತ್ತದೆ.

ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಆ ಅರ್ಧ ನಿಜವೂ ಉಳಿಯುವುದಿಲ್ಲ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಹಗುರಾದ ಚಕ್ರಕ್ಕೆ ಕಡಿಮೆ ಒತ್ತಡ ಕಳಿಸುವ ಕೆಲಸವನ್ನು ಹಳೆಯ ಕಾರುಗಳಲ್ಲಿ ಒಂದು ಯಾಂತ್ರಿಕ ವಾಲ್ವು ಮಾಡುತ್ತಿತ್ತು. ಈಗ ಬಹುತೇಕ ಕಾರುಗಳಲ್ಲಿ ಅದನ್ನು ಎಬಿಎಸ್ ಘಟಕವೇ ಇಬಿಡಿ ಎಂಬ ಹೆಸರಿನಲ್ಲಿ ಮಾಡುತ್ತದೆ. ಎರಡೂ ದೀಪ ಒಟ್ಟಿಗೆ ಹತ್ತಿದವೆಂದರೆ ಇಬಿಡಿಯೂ ನಿಂತಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಇಳಿದಿರಬಹುದು. ಇಬಿಡಿ ನಿಂತಿದ್ದರೆ ಜೋರು ಬ್ರೇಕಿಗೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಸುತ್ತಿಕೊಳ್ಳುವ ಅಪಾಯವಿದೆ. ಅಂಥ ಗಾಡಿಯನ್ನು ಹೆದ್ದಾರಿಗೆ ಇಳಿಸಬಾರದು.

ಗ್ಯಾರೇಜಿಗೆ ಹೋದ ಮೇಲಿನ ಕತೆ ಬಹಳ ಜನಕ್ಕೆ ಗೊತ್ತಿರುವುದೇ. ಹುಡುಗ ಬಂದು ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುತ್ತಾನೆ. ಪರದೆಯಲ್ಲಿ ‘ಎಡ ಮುಂದಿನ ವೀಲ್ ಸ್ಪೀಡ್ ಸೆನ್ಸರ್’ ಎಂದು ಬರುತ್ತದೆ. ‘ಸೆನ್ಸರ್ ಹೋಗಿದೆ ಸಾರ್’ ಎಂಬ ತೀರ್ಪಾಗುತ್ತದೆ. ಹೊಸ ಸೆನ್ಸರ್ ಬರುತ್ತದೆ, ದೀಪ ಆರುತ್ತದೆ, ಬಿಲ್ಲೂ ಬರುತ್ತದೆ. ವಾರ ಕಳೆಯುವಷ್ಟರಲ್ಲಿ ಅದೇ ದೀಪ, ಅದೇ ಕೋಡು. ಈ ಸಲ ಹಬ್ ಬದಲಾಯಿಸುತ್ತಾರೆ. ಮೂರನೆಯ ಸಲ ‘ಎಬಿಎಸ್ ಯೂನಿಟ್ಟೇ ಹೋಗಿರಬೇಕು’ ಎನ್ನುತ್ತಾರೆ, ಆ ಬೆಲೆ ಕೇಳಿ ಮಾಲೀಕ ದೀಪದ ಜೊತೆಗೇ ಬದುಕುವುದನ್ನು ಕಲಿಯುತ್ತಾನೆ.

ಇಲ್ಲಿ ಸ್ಕ್ಯಾನರ್ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಎಡ ಮುಂದಿನ ಸೆನ್ಸರಿನ ‘ಸರ್ಕ್ಯೂಟ್’ ಸರಿಯಿಲ್ಲ ಎಂದು. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಇದೆ, ಅದು ಓದುವ ಉಂಗುರ ಇದೆ, ಉಂಗುರ ಕೂತ ಬೇರಿಂಗ್ ಇದೆ, ಎರಡು ವೈರು, ಒಂದೆರಡು ಕನೆಕ್ಟರು, ಕೊನೆಗೆ ಕಂಟ್ರೋಲ್ ಯೂನಿಟ್ಟಿನ ಒಳಗಿನ ಒಂದು ಚಿಪ್ಪೂ ಇದೆ. ಇವುಗಳಲ್ಲಿ ತಪ್ಪಿತಸ್ಥ ಯಾರೆಂದು ಪತ್ತೆ ಮಾಡುವ ಕೆಲಸ ಕೋಡು ಸಿಕ್ಕ ಮೇಲೆ ಶುರುವಾಗಬೇಕು. ನಮ್ಮಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ.

ಎಬಿಎಸ್ ಮಾಡುವ ಕೆಲಸವನ್ನು ಮೂರು ಮಾತಿನಲ್ಲಿ ಹೇಳಬಹುದು. ನಾಲ್ಕು ಚಕ್ರದ ವೇಗವನ್ನು ಸದಾ ಅಳೆಯುವುದು. ಬ್ರೇಕ್ ಹಾಕಿದಾಗ ಯಾವುದಾದರೊಂದು ಚಕ್ರ ಉಳಿದವಕ್ಕಿಂತ ತೀರಾ ಬೇಗ ನಿಧಾನವಾಗುತ್ತಿದೆಯೇ ಎಂದು ನೋಡುವುದು. ಹಾಗಿದ್ದರೆ ಆ ಚಕ್ರದ ಬ್ರೇಕ್ ಒತ್ತಡವನ್ನು ತಡೆಹಿಡಿದು, ಇಳಿಸಿ, ಮತ್ತೆ ಏರಿಸುವುದು. ಈ ಆಟ ಸೆಕೆಂಡಿಗೆ ಹಲವು ಬಾರಿ ನಡೆಯುವುದರಿಂದಲೇ ಪೆಡಲ್ ಕಾಲಿಗೆ ಗುದ್ದಿದಂತಾಗುತ್ತದೆ, ‘ಗರ್ರ್’ ಎಂಬ ಸದ್ದು ಕೇಳುತ್ತದೆ. ಮಳೆಯಲ್ಲಿ ಒಮ್ಮೆ ಹೀಗಾಯಿತೆಂದು ಹೆದರಿ ಗ್ಯಾರೇಜಿಗೆ ಬರುವವರಿದ್ದಾರೆ. ಅದು ರೋಗವಲ್ಲ, ಆರೋಗ್ಯದ ಲಕ್ಷಣ.

ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಉಪಕರಣಕ್ಕೆ ಜರ್ಮನಿಯ ಬಾಷ್ ಕಂಪನಿ 1936ರಲ್ಲೇ ಪೇಟೆಂಟ್ ಪಡೆದಿತ್ತು. ಬೆಂಗಳೂರಿನವರು ಮೈಕೋ ಎಂದು ಕರೆದು, ಒಂದು ಬಡಾವಣೆಗೇ ಹೆಸರು ಕೊಟ್ಟ ಕಾರ್ಖಾನೆಯ ತಾಯಿಸಂಸ್ಥೆ ಇದೇ. ಪೇಟೆಂಟಿನಿಂದ ರಸ್ತೆಗೆ ಬರಲು ನಾಲ್ಕು ದಶಕ ಬೇಕಾಯಿತು. 1970ರಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿ ಪತ್ರಕರ್ತರನ್ನು ಕರೆದು ಎಬಿಎಸ್ ಪ್ರದರ್ಶಿಸಿತು. ಪ್ರದರ್ಶನ ಚೆನ್ನಾಗಿಯೇ ನಡೆಯಿತು, ಆದರೆ ಆಗಿನ ಅನಲಾಗ್ ಎಲೆಕ್ಟ್ರಾನಿಕ್ಸನ್ನು ನಂಬಿ ಗಿರಾಕಿಗೆ ಮಾರುವ ಹಾಗಿರಲಿಲ್ಲ. ಸುಮಾರು 1000 ಬಿಡಿಭಾಗಗಳಿದ್ದ ಆ ಪೆಟ್ಟಿಗೆಯನ್ನು ಡಿಜಿಟಲ್ ಚಿಪ್ಪುಗಳ ನೆರವಿನಿಂದ 140ಕ್ಕೆ ಇಳಿಸಿದ ಮೇಲೆ, 1978ರಲ್ಲಿ, ಎಸ್-ಕ್ಲಾಸ್ ಕಾರಿನಲ್ಲಿ ಅದು ಮಾರಾಟಕ್ಕೆ ಬಂತು. ಅಂದು ಎಂಜಿನಿಯರುಗಳ ನಿದ್ದೆ ಕೆಡಿಸಿದ್ದು ಪೆಟ್ಟಿಗೆ. ಇಂದು ಪೆಟ್ಟಿಗೆ ಬಹುಮಟ್ಟಿಗೆ ಗಟ್ಟಿ. ಕೆಸರು, ನೀರು, ಬಿಸಿ, ಕುಲುಕಾಟ ಎಲ್ಲವನ್ನೂ ಉಣ್ಣುವುದು ಚಕ್ರದ ಬುಡ, ಹಾಗಾಗಿ ದೋಷಗಳಲ್ಲಿ ಹೆಚ್ಚಿನವೂ ಅಲ್ಲೇ ಹುಟ್ಟುತ್ತವೆ.

ಒಂದು ಸ್ಪಷ್ಟನೆ ಇಲ್ಲೇ ಬೇಕು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಪುಟ್ಟ ಓಬಿಡಿ ರೀಡರುಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ. ‘ಪಿ’ ಅಕ್ಷರದಿಂದ ಶುರುವಾಗುವ ಕೋಡು ಎಂಜಿನ್ ಮತ್ತು ಗೇರ್‌ಬಾಕ್ಸಿನದು, ‘ಬಿ’ ಬಾಡಿಯದು, ‘ಸಿ’ ಚಾಸಿಯದು, ‘ಯು’ ಕಂಪ್ಯೂಟರುಗಳ ನಡುವಿನ ಸಂಪರ್ಕದ್ದು. ಎಬಿಎಸ್ ಕೋಡುಗಳು ‘ಸಿ’ ಗುಂಪಿನವು. ಉದಾಹರಣೆಗೆ, ಸಾಮಾನ್ಯ ಪಟ್ಟಿಯಲ್ಲಿ ಸಿ 0035 ಎಂದರೆ ಎಡ ಮುಂದಿನ ಸೆನ್ಸರ್ ಸರ್ಕ್ಯೂಟ್, ಸಿ 0040 ಬಲ ಮುಂದಿನದು. ಅಗ್ಗದ ರೀಡರ್ ‘ಯಾವ ದೋಷವೂ ಇಲ್ಲ’ ಎಂದರೆ ಎಬಿಎಸ್ ಸರಿಯಿದೆ ಎಂದಲ್ಲ. ಅದು ಆ ಕಂಪ್ಯೂಟರಿನ ಬಾಗಿಲನ್ನೇ ತಟ್ಟಿಲ್ಲ. ಜೊತೆಗೆ ಟ್ರಾಕ್ಷನ್ ಕಂಟ್ರೋಲ್, ಇಎಸ್‌ಪಿ, ಹಿಲ್ ಹೋಲ್ಡ್ ದೀಪಗಳೆಲ್ಲ ಸಾಲಾಗಿ ಹತ್ತಿದವೆಂದು ಕಂಗಾಲಾಗಬೇಕಿಲ್ಲ. ಅವೆಲ್ಲ ಅದೇ ನಾಲ್ಕು ಸೆನ್ಸರುಗಳ ಲೆಕ್ಕವನ್ನು ನೆಚ್ಚಿಕೊಂಡಿವೆ. ಒಂದು ಸೆನ್ಸರ್ ತಪ್ಪಿದರೆ ನಾಲ್ಕು ದೀಪ ಹತ್ತುವುದು ಸಹಜ. ಸ್ಪೀಡೋಮೀಟರಿನ ಮುಳ್ಳೇ ಮಲಗಿಬಿಡುವ ಕಾರುಗಳೂ ಇವೆ.

ನುರಿತ ಮೆಕ್ಯಾನಿಕ್ ಚಕ್ರ ಬಿಚ್ಚುವ ಮೊದಲು ಬ್ಯಾಟರಿ ನೋಡುತ್ತಾನೆ. ಇದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಎಬಿಎಸ್ ಕಂಪ್ಯೂಟರ್ ವೋಲ್ಟೇಜಿನ ವಿಷಯದಲ್ಲಿ ಬಲು ನಾಜೂಕು. ಸುಮಾರು 10 ವೋಲ್ಟಿಗಿಂತ ಕೆಳಗಿಳಿದರೆ ಪಂಪನ್ನೂ ವಾಲ್ವುಗಳನ್ನೂ ನಂಬಿಕೆಯಿಂದ ನಡೆಸಲಾಗದು ಎಂದು ಅದು ಅಂಗಡಿ ಮುಚ್ಚುತ್ತದೆ. ಮುದಿಯಾದ ಬ್ಯಾಟರಿಯ ಕಾರನ್ನು ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ದೀಪ ಹತ್ತಿ, ಮಧ್ಯಾಹ್ನ ಮತ್ತೆ ಸ್ಟಾರ್ಟ್ ಮಾಡಿದಾಗ ಹತ್ತದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ, ಆಮೇಲೆ ಅರ್ಥ್ ವೈರಿನ ಮೇಲೆ. ನಂತರ ಫ್ಯೂಸುಗಳು. ಎಬಿಎಸ್‌ಗೆ ಒಂದೇ ಫ್ಯೂಸ್ ಇರುವುದಿಲ್ಲ. ಪಂಪ್ ಮೋಟಾರಿಗೆ ಒಂದು ದೊಡ್ಡದು, ವಾಲ್ವುಗಳಿಗೆ ಇನ್ನೊಂದು, ಕಂಪ್ಯೂಟರಿಗೆ ಮತ್ತೊಂದು. ಒಂದನ್ನು ನೋಡಿ ‘ಫ್ಯೂಸ್ ಸರಿಯಿದೆ’ ಎಂದವನು ಮೂರನೇ ಒಂದು ಭಾಗ ಮಾತ್ರ ನೋಡಿದ್ದಾನೆ.

ಟೈರುಗಳನ್ನೂ ನೋಡಬೇಕು. ಮೂರು ಚಕ್ರಕ್ಕೆ ಒಂದು ಅಳತೆ, ನಾಲ್ಕನೆಯದಕ್ಕೆ ಪಂಕ್ಚರಾದಾಗ ಹಾಕಿದ ಸಣ್ಣ ಸ್ಟೆಪ್ನಿ ಇದ್ದರೆ ಆ ಚಕ್ರ ಸದಾ ಜೋರಾಗಿ ತಿರುಗುತ್ತದೆ. ಕಂಪ್ಯೂಟರಿಗೆ ಅದು ದೋಷದಂತೆ ಕಾಣಬಹುದು. ಸೆನ್ಸರಿನ ತಪ್ಪು ಅದರಲ್ಲಿ ಏನೂ ಇಲ್ಲ.

ಸೆನ್ಸರುಗಳಲ್ಲಿ ಎರಡು ಜಾತಿ. ಹಳೆಯದು ಅಯಸ್ಕಾಂತ ಮತ್ತು ತಂತಿ ಸುರುಳಿಯದು. ಅದರ ಮುಂದೆ ಹಲ್ಲುಗಳಿರುವ ಕಬ್ಬಿಣದ ಉಂಗುರ ತಿರುಗಿದಾಗ ಸುರುಳಿಯಲ್ಲಿ ತಾನಾಗಿ ಎಸಿ ವಿದ್ಯುತ್ ಹುಟ್ಟುತ್ತದೆ. ವೇಗ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚು. ತೀರಾ ನಿಧಾನಕ್ಕೆ ಹೋದರೆ ಅದರ ದನಿ ಅಡಗಿಹೋಗುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಕನೆಕ್ಟರ್ ಬಿಚ್ಚಿ ಓಮ್ ಮೀಟರ್ ಇಟ್ಟರೆ ಸಾಮಾನ್ಯವಾಗಿ 1000 ಓಮ್ ಆಸುಪಾಸು ತೋರಿಸುತ್ತದೆ, ನಿಖರ ಅಂಕಿ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಚಕ್ರ ಎತ್ತಿ, ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಕೈಯಿಂದ ತಿರುಗಿಸಿದರೆ ಮಿಲಿವೋಲ್ಟುಗಳು ಏಳುವುದನ್ನು ಕಣ್ಣಾರೆ ನೋಡಬಹುದು.

ಹೊಸ ಜಾತಿಯ ಸೆನ್ಸರಿನ ಒಳಗೆ ಚಿಪ್ ಇದೆ. ಅದಕ್ಕೆ ಕಂಪ್ಯೂಟರ್ ವಿದ್ಯುತ್ ಕಳಿಸುತ್ತದೆ, ಅದು ಪ್ರತಿಯಾಗಿ ಕರೆಂಟನ್ನು 7 ಮಿಲಿಆಂಪಿಗೂ 14 ಮಿಲಿಆಂಪಿಗೂ ನಡುವೆ ಏರಿಳಿಸಿ ಚಕ್ರದ ವೇಗ ಹೇಳುತ್ತದೆ. ಚಕ್ರ ಆಮೆಯಂತೆ ಉರುಳಿದರೂ ಲೆಕ್ಕ ತಪ್ಪುವುದಿಲ್ಲ. ಈಗಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಹಳೆಯ ಅಭ್ಯಾಸದ ಮೆಕ್ಯಾನಿಕ್ ಇದಕ್ಕೂ ಓಮ್ ಮೀಟರ್ ಹಚ್ಚುತ್ತಾನೆ, ಮುಳ್ಳು ಆಡದಿದ್ದಾಗ ‘ಹೋಗಿದೆ’ ಎಂದು ತೀರ್ಮಾನಿಸುತ್ತಾನೆ. ಚಿಪ್ ಇರುವ ಸೆನ್ಸರಿನಲ್ಲಿ ಆ ಅಳತೆಗೆ ಯಾವ ಅರ್ಥವೂ ಇಲ್ಲ, ಕೆಲವು ಸಲ ಅಳತೆಯಿಂದಲೇ ಚಿಪ್ ಹಾಳಾಗುವ ಅಪಾಯವೂ ಇದೆ. ನೋಡಬೇಕಾದ್ದು ಬೇರೆ: ಕೀ ಆನ್ ಮಾಡಿದಾಗ ವೈರಿಗೆ ವೋಲ್ಟೇಜು ಬರುತ್ತಿದೆಯೇ, ಚಕ್ರ ಮೆಲ್ಲಗೆ ತಿರುಗಿಸಿದಾಗ ಕರೆಂಟು ಎರಡು ಮಟ್ಟಗಳ ನಡುವೆ ನೆಗೆಯುತ್ತಿದೆಯೇ. ವೋಲ್ಟೇಜೇ ಬಾರದಿದ್ದರೆ ಸೆನ್ಸರ್ ನಿರಪರಾಧಿ.

ವೈರಿನ ವಿಷಯಕ್ಕೆ ಬಂದರೆ, ಇಡೀ ವ್ಯವಸ್ಥೆಯಲ್ಲಿ ಇದರಷ್ಟು ದುಡಿಯುವ, ಇದರಷ್ಟು ಕಡಿಮೆ ಗಮನ ಪಡೆಯುವ ಭಾಗ ಬೇರೆ ಇಲ್ಲ. ಮುಂದಿನ ಚಕ್ರದ ಸೆನ್ಸರಿನಿಂದ ಹೊರಟ ವೈರು ಶಾಕ್ ಅಬ್ಸಾರ್ಬರಿನ ಬ್ರಾಕೆಟ್ಟಿಗೆ ಒಂದು ರಬ್ಬರ್ ಗಂಟಿನಿಂದ ಸಿಕ್ಕಿಕೊಂಡು, ಅಲ್ಲಿಂದ ಕಮಾನಾಗಿ ಬಾಗಿ ಬಾಡಿಯೊಳಕ್ಕೆ ಹೋಗುತ್ತದೆ. ಸ್ಟೀರಿಂಗ್ ತಿರುಗಿದಾಗಲೆಲ್ಲ ಅದು ತಿರುಚಿಕೊಳ್ಳುತ್ತದೆ, ಹಂಪ್ ಬಂದಾಗಲೆಲ್ಲ ಮೇಲೆ ಕೆಳಗೆ ಬಾಗುತ್ತದೆ. ನಮ್ಮ ಊರುಗಳಲ್ಲಿ ಹಂಪ್‌ಗಳಿಗೆ ಬರವಿಲ್ಲ. ಕೆಲವು ವರ್ಷಗಳಾದ ಮೇಲೆ ರಬ್ಬರ್ ಗಂಟಿನ ಪಕ್ಕದಲ್ಲಿ, ಹೊರಗಿನ ಕಪ್ಪು ಹೊದಿಕೆ ಹಾಗೇ ಇರುವಾಗಲೇ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಯ ಎಳೆಯೂ ತುಂಡಾದಾಗ ಎರಡು ತುದಿಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ನೆಟ್ಟಗೆ ಹೋಗುವಾಗ ಸಂಪರ್ಕ ಉಂಟು, ಬಲಕ್ಕೆ ಪೂರ್ತಿ ತಿರುಗಿಸಿದಾಗ ಇಲ್ಲ.

ಈ ಕಾರು ಗ್ಯಾರೇಜಿನಲ್ಲಿ ನಿಂತಿರುವಾಗ ಅಳೆದರೆ ಎಲ್ಲ ಸರಿ. ಹೊಸ ಸೆನ್ಸರ್ ಹಾಕುವಾಗ ಆ ವೈರನ್ನು ಸ್ವಲ್ಪ ಎಳೆದಾಡಿರುವುದರಿಂದ ತುದಿಗಳು ಮತ್ತೆ ಕೂಡಿಕೊಂಡು ವಾರದ ಮಟ್ಟಿಗೆ ದೀಪ ಆರಲೂಬಹುದು. ‘ಸೆನ್ಸರೇ ಹೋಗಿತ್ತು’ ಎಂಬ ನಂಬಿಕೆ ಗಟ್ಟಿಯಾಗುವುದು ಹೀಗೆ. ಪತ್ತೆ ಮಾಡುವ ದಾರಿ ಸರಳ, ಬೇಕಾದ್ದು ತಾಳ್ಮೆ. ವೈರಿನ ಎರಡೂ ತುದಿ ಬಿಚ್ಚಿ, ಮೀಟರ್ ಹಚ್ಚಿ, ಒಬ್ಬರು ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸುತ್ತಿರಬೇಕು, ಇನ್ನೊಬ್ಬರು ವೈರನ್ನು ಬೆರಳಿನಿಂದ ಇಂಚಿಂಚಾಗಿ ಬಾಗಿಸುತ್ತ ಅಂಕಿಯನ್ನು ನೋಡುತ್ತಿರಬೇಕು. ಒಂದು ಜಾಗದಲ್ಲಿ ಅಂಕಿ ಹಾರಿಹೋಗುತ್ತದೆ. ಅದೇ ಜಾಗದಲ್ಲಿ ಹೊದಿಕೆ ಸೀಳಿದರೆ ಒಳಗೆ ತಾಮ್ರ ಹಸಿರುಗಟ್ಟಿರುವುದೂ ಕಾಣಬಹುದು. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಬಿರುಕಿದ್ದರೂ ನೀರು ಎಳೆಗಳ ನಡುವೆ ಹೀರಿಕೊಂಡು ಅಡಿಗಟ್ಟಲೆ ಮೇಲೇರುತ್ತದೆ.

‘ಮಳೆ ಬಂದರೆ ದೀಪ ಹತ್ತುತ್ತೆ, ಬಿಸಿಲು ಬಂದರೆ ಆರುತ್ತೆ’ ಎಂದು ಗಿರಾಕಿ ಹೇಳಿದರೆ ಆ ಒಂದು ಮಾತಿಗೆ ಸ್ಕ್ಯಾನರಿನ ಕೋಡಿಗಿಂತ ಹೆಚ್ಚು ಬೆಲೆ. ಮಲೆನಾಡಿನ ಮಳೆಗಾಲ ಕಂಡ ಕಾರುಗಳಲ್ಲಿ, ಕರಾವಳಿಯ ಉಪ್ಪುಗಾಳಿ ಕುಡಿದ ಕಾರುಗಳಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ಮುಳುಗಿ ಎದ್ದ ಕಾರುಗಳಲ್ಲಿ ಮೊದಲು ಬಿಚ್ಚಿ ನೋಡಬೇಕಾದ್ದು ಕನೆಕ್ಟರುಗಳನ್ನು. ಇಲಿಯನ್ನೂ ಮರೆಯುವಂತಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನ ಬಾನೆಟ್ ಅಡಿ ಅದು ಮಾಡುವ ಅನಾಹುತ ಯಾವ ಕಂಪನಿಯ ಕೈಪಿಡಿಯಲ್ಲೂ ಕೋಡಾಗಿ ಅಚ್ಚಾಗಿಲ್ಲ.

ಇಷ್ಟೂ ದೋಷಗಳಲ್ಲಿ ಕನಿಷ್ಠ ದೀಪವಾದರೂ ಹತ್ತುತ್ತದೆ. ದೀಪವೇ ಹತ್ತದ, ಕೋಡೇ ಬಾರದ ದೋಷವೊಂದಿದೆ. ಮೆಕ್ಯಾನಿಕ್ಕುಗಳ ನಿಜವಾದ ಪರೀಕ್ಷೆ ಅದು.

ಲಕ್ಷಣ ಹೀಗೆ. ಸಿಗ್ನಲ್ಲಿನಲ್ಲಿ ನಿಲ್ಲಲು ಕಾರು ನಿಧಾನವಾಗುತ್ತಿದೆ, ರಸ್ತೆ ಒಣಗಿದೆ, ಬ್ರೇಕ್ ಮೆಲ್ಲಗೆ ಒತ್ತಲಾಗಿದೆ. ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ‘ಗರ್ರ್’ ಎಂದು ನಡುಗಿ, ಕಾರು ಒಂದೆರಡು ಅಡಿ ಮುಂದಕ್ಕೆ ಹೋಗಿಬಿಡುತ್ತದೆ. ಮುಂದಿನ ಗಾಡಿಯ ಬಂಪರಿಗೆ ಆ ಎರಡಡಿ ಸಾಕು. ಸ್ಕ್ಯಾನರ್ ಹಾಕಿದರೆ ದೋಷ ಶೂನ್ಯ.

ಕಾರಣ ಅರ್ಥವಾಗಲು ಸ್ವಲ್ಪ ಲೆಕ್ಕ ಬೇಕು. ಸಾಮಾನ್ಯ ಕಾರಿನ ಚಕ್ರದ ಸುತ್ತಳತೆ 1.9 ಮೀಟರಿನ ಹತ್ತಿರ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಒಂದೂವರೆ ಸುತ್ತು ಸುತ್ತುತ್ತದೆ. ಉಂಗುರದಲ್ಲಿ 48 ಹಲ್ಲುಗಳಿದ್ದರೆ ಕಂಪ್ಯೂಟರಿಗೆ ಸೆಕೆಂಡಿಗೆ ಎಪ್ಪತ್ತರಷ್ಟು ಮಿಡಿತ ಬರಬೇಕು. ಸೆನ್ಸರಿಗೂ ಉಂಗುರಕ್ಕೂ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರ್. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ಸ್ವಲ್ಪವೇ ಹೊರದಬ್ಬಿದರೂ ಸಿಗ್ನಲ್ ಕ್ಷೀಣವಾಗುತ್ತದೆ. ಜೋರಾಗಿ ಓಡುವಾಗ ಅದು ಗೊತ್ತಾಗುವುದಿಲ್ಲ; ಹಳೆಯ ಜಾತಿಯ ಸೆನ್ಸರಿನಲ್ಲಿ ವೇಗ ಇಳಿದು ಮೊದಲೇ ಸಣ್ಣಗಾದ ಸಿಗ್ನಲ್ ಈ ಅಂತರ ದಾಟಲಾಗದೆ ಸತ್ತುಹೋಗುತ್ತದೆ. ಮೂರು ಚಕ್ರ 8 ಕಿಲೋಮೀಟರ್ ಎನ್ನುತ್ತಿರುವಾಗ ನಾಲ್ಕನೆಯದು ಸೊನ್ನೆ ಎನ್ನುತ್ತದೆ. ಕಂಪ್ಯೂಟರಿನ ಕಣ್ಣಿಗೆ ಇದು ಕಚ್ಚಿಕೊಂಡ ಚಕ್ರ. ಅದು ತನ್ನ ಕರ್ತವ್ಯದಂತೆ ಆ ಚಕ್ರದ ಬ್ರೇಕ್ ಬಿಡಿಸುತ್ತದೆ. ತನ್ನ ಮಟ್ಟಿಗೆ ಅದು ಸರಿಯಾದದ್ದನ್ನೇ ಮಾಡಿರುವುದರಿಂದ ದೀಪ ಹಚ್ಚುವ ಪ್ರಶ್ನೆಯೇ ಬರುವುದಿಲ್ಲ.

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 2005ರಲ್ಲಿ ಸುಮಾರು 8 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದ್ದು ಇದೇ ಕಾರಣಕ್ಕೆ. 1999ರಿಂದ 2002ರವರೆಗಿನ ಮಾದರಿಯ ಪಿಕಪ್‌ಗಳೂ ಅವುಗಳ ದಾಯಾದಿಗಳೂ ಅದರಲ್ಲಿದ್ದವು. ವಾಪಸಾತಿ ಇಡೀ ದೇಶಕ್ಕಿರಲಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಗಷ್ಟೇ ಇತ್ತು. ಉಪ್ಪು ಹಬ್‌ಗೆ ತುಕ್ಕು ಹಿಡಿಸಿ, ತುಕ್ಕು ಸೆನ್ಸರನ್ನು ಮೇಲೆತ್ತಿ, ನಿಧಾನ ವೇಗದಲ್ಲಿ ಬೇಡದ ಎಬಿಎಸ್ ಎದ್ದು, ಗಾಡಿಗಳು ನಿಲ್ಲಬೇಕಾದಲ್ಲಿ ನಿಲ್ಲದೆ ಡಿಕ್ಕಿ ಹೊಡೆದಿದ್ದವು. ಪರಿಹಾರದ ಮೊದಲ ಹೆಜ್ಜೆ ತುಕ್ಕು ಕೆರೆದು ತೆಗೆದು ಆ ಜಾಗಕ್ಕೆ ರಕ್ಷಣೆಯ ಲೇಪ ಹಚ್ಚುವುದು. ಸಿಗ್ನಲ್ ಅಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಹೊಸ ಸೆನ್ಸರ್.

ಕೋಡಿಲ್ಲದ ಈ ದೋಷವನ್ನು ಹಿಡಿಯುವುದು ಸ್ಕ್ಯಾನರಿನ ‘ಲೈವ್ ಡೇಟಾ’ ಪುಟದಲ್ಲಿ. ನಾಲ್ಕು ಚಕ್ರದ ವೇಗವನ್ನು ನಾಲ್ಕು ಗೆರೆಗಳಾಗಿ ಪರದೆಗೆ ತಂದು, ಖಾಲಿ ಮೈದಾನದಲ್ಲಿ ಗಂಟೆಗೆ 20 ಕಿಲೋಮೀಟರಿನಿಂದ ಮೆಲ್ಲಗೆ ನಿಲ್ಲಿಸಬೇಕು. ಓಡಿಸುವವರು ಒಬ್ಬರು, ಪರದೆ ನೋಡುವವರು ಇನ್ನೊಬ್ಬರು. ನಾಲ್ಕು ಗೆರೆಗಳು ಒಟ್ಟಿಗೆ ಇಳಿಯುತ್ತ ಬರುತ್ತವೆ. ಅವುಗಳಲ್ಲಿ ಒಂದು ಇದ್ದಕ್ಕಿದ್ದಂತೆ ಬಾವಿಗೆ ಬಿದ್ದಂತೆ ಸೊನ್ನೆಗೆ ಬೀಳುತ್ತದೆ. ಆ ಚಕ್ರವೇ ಅಪರಾಧಿ. ಇನ್ನೂ ಸೊಗಸಾದ ಸುಳಿವೊಂದಿದೆ. ಗೆರೆ ಸೊನ್ನೆಗೆ ಬೀಳದೆ, ಚಕ್ರದ ಒಂದೊಂದು ಸುತ್ತಿಗೂ ಒಂದೊಂದು ಸಲ ತಪ್ಪದೆ ಕಚ್ಚು ಬಿದ್ದಂತೆ ಕಾಣುತ್ತಿದ್ದರೆ ಸೆನ್ಸರ್ ಸರಿಯಿದೆ, ಉಂಗುರ ಸೀಳಿದೆ. ಆಕ್ಸಲಿಗೆ ತುಕ್ಕು ಬೆಳೆದು ಉಬ್ಬಿದಾಗ ಅದರ ಮೇಲೆ ಬಿಗಿಯಾಗಿ ಕೂತ ಉಂಗುರ ಒಂದು ಕಡೆ ಬಿರಿಯುತ್ತದೆ, ಆ ಬಿರುಕಿನಲ್ಲಿ ಎರಡು ಹಲ್ಲುಗಳ ನಡುವಿನ ದೂರ ಹೆಚ್ಚುತ್ತದೆ. ಅಂಥ ಚಕ್ರಕ್ಕೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ದುಡ್ಡು ದಂಡ.

ಪೆಡಲ್ ನಡುಕಕ್ಕೆ ಎಬಿಎಸ್ಸೇ ಕಾರಣವೋ, ಸೊಟ್ಟಗಾದ ಡಿಸ್ಕೋ ಎಂಬ ಗೊಂದಲವೂ ಉಂಟು. ಡಿಸ್ಕಿನದಾದರೆ ನಡುಕ ವೇಗದಲ್ಲಿ ಹೆಚ್ಚು, ನಿಲ್ಲುತ್ತ ಬಂದಂತೆ ಕಡಿಮೆ. ಸುಳ್ಳು ಎಬಿಎಸ್ಸಿನದು ಇದಕ್ಕೆ ತದ್ವಿರುದ್ಧ. ಅನುಮಾನವಿದ್ದರೆ ಖಾಲಿ ಜಾಗದಲ್ಲಿ ಎಬಿಎಸ್ ಫ್ಯೂಸ್ ಕಿತ್ತು ನಿಧಾನವಾಗಿ ಓಡಿಸಿ ನೋಡುವುದುಂಟು. ನಡುಕ ಹೋಯಿತೆಂದರೆ ದೂರು ಎಬಿಎಸ್ ಮೇಲೆ. ಫ್ಯೂಸನ್ನು ಮತ್ತೆ ಹಾಕಲು ಮರೆಯಬಾರದು.

ಬೇರಿಂಗ್ ಬದಲಾಯಿಸಿದ ಮರುದಿನವೇ ದೀಪ ಹತ್ತಿದರೆ ಅದಕ್ಕೊಂದು ವಿಶೇಷ ಕಾರಣವಿರುತ್ತದೆ. ಹೊಸ ಕಾರುಗಳಲ್ಲಿ ಕಬ್ಬಿಣದ ಹಲ್ಲಿನ ಉಂಗುರವೇ ಇಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಉತ್ತರ ದಕ್ಷಿಣ ಧ್ರುವಗಳನ್ನು ಸಾಲಾಗಿ ತುಂಬಿದ ತೆಳು ಅಯಸ್ಕಾಂತದ ಪಟ್ಟಿ ಅಡಗಿದೆ. ಹೊರನೋಟಕ್ಕೆ ಎರಡು ಬದಿಯೂ ಒಂದೇ ಥರ ಕಪ್ಪು ರಬ್ಬರು. ಬೇರಿಂಗನ್ನು ತಿರುಗುಮುರುಗಾಗಿ ಒತ್ತಿದರೆ ಚಕ್ರ ಸಲೀಸಾಗಿ ತಿರುಗುತ್ತದೆ, ಸದ್ದಿಲ್ಲ, ಆಟವಿಲ್ಲ. ಸೆನ್ಸರ್ ಮಾತ್ರ ಅಯಸ್ಕಾಂತವಿಲ್ಲದ ಬದಿಯನ್ನು ನೋಡುತ್ತ ಮೂಕವಾಗಿರುತ್ತದೆ. ಧ್ರುವಗಳನ್ನು ಗೆರೆಗೆರೆಯಾಗಿ ತೋರಿಸುವ ಹಸಿರು ಬಣ್ಣದ ಕಾರ್ಡೊಂದು ಸಿಗುತ್ತದೆ. ಬೇರಿಂಗ್ ಒತ್ತುವ ಮೊದಲು ಅದನ್ನು ಸೀಲಿನ ಮೇಲಿಟ್ಟು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಕಾರ್ಡಿಲ್ಲದವರು ಸಣ್ಣ ಪೇಪರ್ ಕ್ಲಿಪ್ಪು ತಾಗಿಸಿ ನೋಡುತ್ತಾರೆ, ಅಂಟಿಕೊಂಡ ಬದಿ ಸೆನ್ಸರಿನ ಕಡೆಗೆ. ಇದೇ ಪಟ್ಟಿಯನ್ನು ಸ್ಪೀಕರಿನಂಥ ದೊಡ್ಡ ಅಯಸ್ಕಾಂತದ ಪಕ್ಕ ಇಟ್ಟರೂ ಹಾಳು. ಆದ್ದರಿಂದ ಬೇರಿಂಗನ್ನು ಕೊನೆಯ ಗಳಿಗೆಯವರೆಗೆ ಡಬ್ಬಿಯಿಂದ ತೆಗೆಯದಿರುವುದೇ ಲೇಸು.

ಉಳಿದದ್ದು ಪೆಟ್ಟಿಗೆ, ಅಂದರೆ ಪಂಪು, ವಾಲ್ವುಗಳು, ಕಂಪ್ಯೂಟರು ಒಟ್ಟಾಗಿರುವ ಘಟಕ. ಅದರ ದೋಷ ಅಪರೂಪ, ಬಂದರೆ ದುಬಾರಿ. ಅದನ್ನು ದೂರುವ ಮೊದಲು ಅದಕ್ಕೆ ಹೋಗುವ ವಿದ್ಯುತ್ತು ಮತ್ತು ಅರ್ಥ್ ಎರಡೂ ಹೊರೆ ಬಿದ್ದಾಗ ಸರಿಯಾಗಿವೆ ಎಂದು ಸಾಬೀತಾಗಿರಬೇಕು. ಒಳ್ಳೆಯ ಸ್ಕ್ಯಾನರಿನಿಂದ ಪಂಪನ್ನು ಒಂದೆರಡು ಸೆಕೆಂಡು ಓಡಿಸಿ ನೋಡಬಹುದು, ಒಂದೊಂದೇ ವಾಲ್ವನ್ನು ಟಕ್ಕೆನಿಸಬಹುದು. ಪಂಪಿಗೆ 12 ವೋಲ್ಟು ತಲುಪಿಯೂ ಅದು ತಿರುಗದಿದ್ದರೆ ಆಗ ಪೆಟ್ಟಿಗೆಯ ಮೇಲೆ ಆರೋಪ ಹೊರಿಸಬಹುದು. ಕಂಪ್ಯೂಟರಿನ ಒಳಗಿನ ಬೆಸುಗೆ ಬಿಟ್ಟಿದ್ದಷ್ಟೇ ಆದರೆ ರಿಪೇರಿ ಮಾಡಿಕೊಡುವವರಿದ್ದಾರೆ, ಇಡೀ ಘಟಕ ಬದಲಿಸಬೇಕಿಲ್ಲ. ಹಳೆಯ ಕಾರಿನಿಂದ ಕಿತ್ತ ಪೆಟ್ಟಿಗೆ ತಂದು ಕೂರಿಸುವವರಿಗೆ ಒಂದು ತೊಡಕಿದೆ: ಹೊರಗೆ ಒಂದೇ ರೀತಿ ಕಂಡರೂ ಪಾರ್ಟ್ ನಂಬರ್ ಬೇರೆಯಾದರೆ ಒಳಗಿನ ಲೆಕ್ಕ ಬೇರೆ. ನಂಬರ್ ಒಂದೇ ಆದರೂ ಅನೇಕ ಕಾರುಗಳಲ್ಲಿ ಸ್ಕ್ಯಾನರಿನಿಂದ ಕೋಡಿಂಗ್ ಮಾಡದೆ ಅದು ಕೆಲಸ ಮಾಡುವುದಿಲ್ಲ.

ಪೆಟ್ಟಿಗೆ ಕೆಟ್ಟಾಗ ಏನಾಗಬಹುದು ಎಂಬುದಕ್ಕೆ ಇತ್ತೀಚಿನ ದೊಡ್ಡ ಉದಾಹರಣೆ 2023ರ ಸೆಪ್ಟೆಂಬರಿನದು. ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ಸುಮಾರು 34 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿದವು. ಬ್ರೇಕ್ ಆಯಿಲ್ ಘಟಕದೊಳಗೆ ಸೋರಿ, ಶಾರ್ಟ್ ಸರ್ಕ್ಯೂಟ್ ಆಗಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. ಕಾರು ನಿಂತಿರುವಾಗಲೂ ಹೊತ್ತಿಕೊಳ್ಳಬಹುದಾದ್ದರಿಂದ, ರಿಪೇರಿಯಾಗುವ ತನಕ ಮನೆಯಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಎಂದು ಮಾಲೀಕರಿಗೆ ಸೂಚನೆ ಹೋಯಿತು. ಪರಿಹಾರ ಒಂದು ಹೊಸ ಫ್ಯೂಸು. ಕೀ ತೆಗೆದರೂ ಈ ಘಟಕಕ್ಕೆ ಬ್ಯಾಟರಿಯ ನೇರ ಸಂಪರ್ಕ ಇರುತ್ತದೆ ಎಂಬುದನ್ನು ಮರೆತು ದೊಡ್ಡ ಫ್ಯೂಸ್ ಹಾಕುವ, ತಂತಿ ಸುತ್ತಿ ಹಾಕುವ ಜಾಣರು ಈ ಪ್ರಕರಣವನ್ನು ಓದಬೇಕು.

ಭಾಗವೊಂದೂ ಕೆಡದೆ ದೋಷ ಬರಬಹುದು ಎಂಬುದಕ್ಕೆ ಟೊಯೊಟಾ ಪ್ರಿಯಸ್ ಸಾಕ್ಷಿ. ಗುಂಡಿ ಬಿದ್ದ ಅಥವಾ ಜಾರುವ ರಸ್ತೆಯಲ್ಲಿ ಎಬಿಎಸ್ ಏಳುವ ಹೊತ್ತಿಗೆ ಬ್ರೇಕ್ ಅರೆಕ್ಷಣ ಸಡಿಲವಾದಂತಾಗುತ್ತದೆ ಎಂದು ಚಾಲಕರು ದೂರಿದರು. 2010ರ ಫೆಬ್ರವರಿಯಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ಕರೆಸಿ ಎಬಿಎಸ್ ಸಾಫ್ಟ್‌ವೇರ್ ಬದಲಾಯಿಸಿತು. ಸೆನ್ಸರ್, ವೈರು, ಪಂಪು ಎಲ್ಲ ನೆಟ್ಟಗಿದ್ದ ಕಾರುಗಳವು. ಗಿರಾಕಿಯ ‘ಹಾಗೆ ಅನ್ನಿಸಿತು’ ಎಂಬ ಮಾತನ್ನು ಸ್ಕ್ಯಾನರ್ ಖಾಲಿ ತೋರಿಸಿತೆಂದು ತಳ್ಳಿಹಾಕಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಬ್ರೇಕ್ ಆಯಿಲ್ ಬಗ್ಗೆ ಎರಡು ಮಾತು. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದೇ ತೇವ ಎಬಿಎಸ್ ವಾಲ್ವುಗಳ ಸೂಕ್ಷ್ಮ ದಾರಿಗಳಲ್ಲಿ ತುಕ್ಕನ್ನೂ ಕೊಳೆಯನ್ನೂ ಹುಟ್ಟಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಬಹುತೇಕ ಕಂಪನಿಗಳು ಹೇಳುವುದು ಇದಕ್ಕೇ. ಘಟಕದೊಳಗೆ ಗಾಳಿ ಸೇರಿದ್ದರೆ ಪೆಡಲ್ ಒತ್ತಿ ಒತ್ತಿ ಬ್ಲೀಡ್ ಮಾಡಿದರೆ ಸಾಲದು. ಅನೇಕ ಕಾರುಗಳಲ್ಲಿ ಸ್ಕ್ಯಾನರಿನಿಂದ ಪಂಪನ್ನೂ ವಾಲ್ವುಗಳನ್ನೂ ಆಡಿಸುತ್ತ ಗಾಳಿ ತೆಗೆಯಬೇಕಾಗುತ್ತದೆ.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ, 125 ಸಿಸಿಗಿಂತ ದೊಡ್ಡ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಆ ವರ್ಷದ ಕಾರುಗಳಿಗೆ ಈಗ ಕಂಪನಿಯ ವಾರಂಟಿ ಮುಗಿದಿದೆ, ಬೀದಿ ಬದಿಯ ಗ್ಯಾರೇಜುಗಳಿಗೆ ಅವು ಬರತೊಡಗಿವೆ. ವೈರುಗಳ ಎಳೆ ತುಂಡಾಗುವ, ಬೇರಿಂಗ್ ಬದಲಾಗುವ ವಯಸ್ಸೂ ಅದೇ. ಗ್ಯಾರೇಜಿಗೆ ಬಿಡುವಾಗ ಗಿರಾಕಿ ಕೇಳಬೇಕಾದ ಪ್ರಶ್ನೆ ‘ಸೆನ್ಸರ್ ಎಷ್ಟು?’ ಎಂಬುದಲ್ಲ, ‘ಸೆನ್ಸರೇ ಎಂದು ಹೇಗೆ ಗೊತ್ತಾಯಿತು?’ ಎಂಬುದು. ಉತ್ತರದಲ್ಲಿ ಲೈವ್ ಡೇಟಾ, ಮೀಟರು, ವೈರು ಎಂಬ ಮಾತು ಬಂದರೆ ಗಾಡಿ ಬಿಡಿ. ‘ಸ್ಕ್ಯಾನರ್ ಹೇಳ್ತು’ ಎಂದಷ್ಟೇ ಬಂದರೆ ಇನ್ನೊಂದು ಗ್ಯಾರೇಜು ನೋಡಿ. ರಿಪೇರಿ ಮುಗಿದ ಕೂಡಲೇ ದೀಪ ಆರಲಿಲ್ಲವೆಂದು ಜಗಳಕ್ಕೂ ನಿಲ್ಲಬೇಡಿ. ಕೆಲವು ಕಾರುಗಳಲ್ಲಿ ಗಂಟೆಗೆ 20 ಕಿಲೋಮೀಟರಿನಷ್ಟು ವೇಗದಲ್ಲಿ ಸ್ವಲ್ಪ ದೂರ ಓಡಿದ ಮೇಲೆಯೇ ಕಂಪ್ಯೂಟರ್ ಹೊಸ ಲೆಕ್ಕವನ್ನು ನಂಬಿ ದೀಪ ಆರಿಸುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇನ್ನೊಂದು ಕಡೆ ಕಣ್ಣಿಡಬೇಕು. ಎಬಿಎಸ್ ದೀಪ ಹತ್ತಿಕೊಂಡೇ ಇರುವ ಕಾರಿಗೆ ಬೆಲೆ ಬರುವುದಿಲ್ಲವೆಂದು ದೀಪವನ್ನೇ ಕಿತ್ತು, ಅಥವಾ ಮೇಲೆ ಕಪ್ಪು ಟೇಪು ಅಂಟಿಸಿ ಮಾರುವವರಿದ್ದಾರೆ. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಎಬಿಎಸ್ ದೀಪ ಎರಡು ಮೂರು ಸೆಕೆಂಡು ಹತ್ತಿ ತಾನಾಗಿ ಆರಬೇಕು. ಹತ್ತಲೇ ಇಲ್ಲವೆಂದರೆ, ಎಬಿಎಸ್ ಓದುವ ಸ್ಕ್ಯಾನರ್ ಹಾಕಿಸದೆ ಮುಂಗಡ ಕೊಡಬೇಡಿ.